ಓದು ಬರುವ ಗೆದ್ದಲು

ಮೊನ್ನೆ ಬ್ಯಾಟರಾಯನಪುರದ ಬಸ್‌ಸ್ಟಾಪಿನ ಹಿಂದಿನ ಗೋಡೆಗೆ ಒಬ್ಬಾತ ಪೋಸ್ಟರ್ ಅಂಟಿಸುತ್ತಿದ್ದ. ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆರ್.ಟಿ. ನಗರದ ಲೈಬ್ರರಿ ಅಂಕಲ್ ನೆನಪಾದರು...

ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಪುಟ್ಟ ಅಂಗಡಿ ಅವರದು. ಹರಿದ ಪುಸ್ತಕಗಳನ್ನು ತಾವೇ ಹೊಲಿದು, ಮೈದಾ ಅಂಟು ಬಳಿದು ರಟ್ಟು ಹಾಕುತ್ತಿದ್ದರು. ಅಂಟಿಗೆ ಮೈಲುತುತ್ತ ಬೆರೆಸುವುದರಿಂದ ತಮ್ಮ ಅಂಗಡಿಯತ್ತ ಗೆದ್ದಲು ಸುಳಿಯುವುದೇ ಇಲ್ಲ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು.

ಆಗ ನನಗೆ ಹುಣಸಮಾರನಹಳ್ಳಿಯ ಸಂಬಂಧವೊಂದು ಬಂದಿತ್ತು. ಮದುವೆಯಾದ ಮೇಲೆ ನಾನು ಟೀಚರ್ ಕೆಲಸ ಬಿಡಬೇಕೆಂಬುದು ಅವರ ಷರತ್ತು. "ಹಣೇಲಿ ಬರೆದಿದ್ದನ್ನ ಯಾರು ತಪ್ಸೋಕಾಗುತ್ತೆ?" ಎನ್ನುತ್ತ ಅಮ್ಮ ಪಾಯಸಕ್ಕೆ ಶ್ಯಾವಿಗೆ ತಂದಿಟ್ಟಿದ್ದಳು. ನಾನು ಸಿಟ್ಟಿನಲ್ಲಿ ಅಂಕಲ್ ಕೊಟ್ಟ ಹಳೆಯ ಕಾದಂಬರಿ ಹಿಡಿದು ಕೂತೆ. ಗಂಡನ ಮನೆಯಲ್ಲಿ ಉಸಿರುಗಟ್ಟಿದ ನಾಯಕಿ ಹೊಸಿಲು ದಾಟಿ ಬೀದಿಗೆ ಬರುತ್ತಾಳೆ. ಬಲಕ್ಕೆ ಬಾವಿ, ಎಡಕ್ಕೆ ಪೇಟೆಯ ದಾರಿ. ಅಲ್ಲಿಗೆ ಪುಸ್ತಕ ಮುಗಿದಿತ್ತು! ನೇರ ಅಂಗಡಿಗೆ ಓಡಿದೆ.

"ಅಂಕಲ್, ಆಮೇಲೆ ಎಲ್ಲಿಗೆ ಹೋದ್ಲು?"

"ಅದು ಅವಳಿಷ್ಟ ಕಣಮ್ಮಾ. ನೀನಾಗಿದ್ರೆ?"

ಮನೆಗೆ ಬಂದು ಈ ಮದುವೆ ಬೇಡ ಎಂದೆ. ಅಮ್ಮ ಹುರಿಯುತ್ತಿದ್ದ ಶ್ಯಾವಿಗೆ ಸೀದುಹೋಯಿತು. ವಾರವಿಡೀ ಅಮ್ಮ ನನ್ನೊಡನೆ ಮಾತಾಡಲಿಲ್ಲ; ಗೋಡೆಯೊಡನೆ ಮಾತ್ರ ಧಾರಾಳವಾಗಿ ಮಾತಾಡಿದಳು.

ಮುಂದಿನ ವರ್ಷ ನಮ್ಮ ಶಾಲೆಯ ಕಪಾಟಿನಲ್ಲಿ ಅದೇ ಕಾದಂಬರಿ ಸಿಕ್ಕಿತು, ಹದಿನಾರು ಪುಟ ಹೆಚ್ಚಾಗಿ! ನಾಯಕಿ ಎಲ್ಲಾ ವಿಧಿಯೆಂದು ಬಾವಿಗೆ ಹಾರಿದ್ದಳು. ಯಾರನ್ನು ನಂಬಿ ನಾನು ಮದುವೆ ಬಿಟ್ಟೆನೋ ಆ ಮಹಾತಾಯಿ ಬಾವಿಯಲ್ಲಿ! ಪುಸ್ತಕ ಹಿಡಿದು ಜಗಳಕ್ಕೇ ಹೋದೆ. ಅಂಗಡಿಯ ಪ್ರತಿಯನ್ನು ಅಗಲಿಸಿ ನೋಡಿದರೆ, ಕೊನೆಯ ಹಾಳೆಗಳ ಬುಡ ಮಾತ್ರ ನೀಟಾಗಿ ಉಳಿದಿತ್ತು.

"ಗೆದ್ದಲು ತಿಂದಿತ್ತಮ್ಮಾ," ಎಂದರು ಅಂಕಲ್, ತಲೆ ಎತ್ತದೆ.

"ಮೈಲುತುತ್ತ ಹಾಕಿದ್ರೂ? ಅದೂ ಬ್ಲೇಡಲ್ಲಿ ಕುಯ್ದಂಗೆ?"

"ಓದು ಬರೋ ಗೆದ್ದಲು."

ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವರೇ ಮೆಲ್ಲಗೆ, "ಎಷ್ಟೊಂದ್ ಹೆಣ್ಮಕ್ಳು ಅಳ್ತಾ ವಾಪಸ್ ಕೊಡೋರು, ನೋಡೋಕಾಗ್ಲಿಲ್ಲ. ರಟ್ಟು ಹಾಕೋನಿಗೆ ಅಷ್ಟೂ ಹಕ್ಕಿಲ್ವಾ?" ಎಂದರು.

ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಅಂಕಲ್ ತೀರಿಕೊಂಡದ್ದು ನನಗೆ ತಿಳಿದದ್ದೇ ಎಷ್ಟೋ ತಿಂಗಳ ಮೇಲೆ. ಅವರ ಬ್ಲೇಡಿನ ದಯೆಯಿಂದ ನಾನು ರಿಟೈರ್ ಆಗುವವರೆಗೂ ಪಾಠ ಮಾಡಿದೆ. ಜಗಳಕ್ಕೆ ಓಡಿದ್ದವಳು ಇದನ್ನು ಹೇಳಲು ಮಾತ್ರ ಹೋಗಲಿಲ್ಲ... ಆ ಕೊರಗು ಹೋಗುವಂಥದ್ದಲ್ಲ.

"ಮೇಡಂ, ನಿಮ್ ಬಸ್ ಹೋಯ್ತಲ್ಲ!" ಎಂದ ಪೋಸ್ಟರಿನವನು.

"ಹೋಗ್ಲಿ ಬಿಡಪ್ಪಾ," ಎಂದೆ. ಅವನ ಬಕೆಟ್‌ನಲ್ಲಿ ಇನ್ನೂ ಆ ಹುಳಿ ವಾಸನೆಯ ಅಂಟು ಉಳಿದಿತ್ತು.