ಮತ್ತೊಬ್ಬ ಮಾದಪ್ಪ ಹುಟ್ಟಬೇಕಂತೆ!

ಕಳೆದ ಭಾನುವಾರ ನಾನು ದೇವರ ಪಕ್ಕದ ಸೀಟಿನಲ್ಲಿ ಕುಳಿತು ಮಡಿಕೇರಿಯಿಂದ ಮೂರ್ನಾಡಿಗೆ ಹೋದೆ.

ನಗಬೇಡಿ. ನಮ್ಮೂರಿನವರ ಮಟ್ಟಿಗೆ ಮಾದಪ್ಪಣ್ಣ ದೇವರೇ. ನಮ್ಮ ಹಾಕಿ ಕ್ಲಬ್ಬಿನ ಸೆಂಟರ್ ಫಾರ್ವರ್ಡ್ ಆಗಿದ್ದವರು. ಬೂಟು ಹಾಕಿಕೊಂಡು ಬಂದ ಬಿಳಿ ದೊರೆಗಳ ಟೀಮನ್ನು ಬರಿಗಾಲಿನಲ್ಲಿ ಸೋಲಿಸಿ ಊರಿಗೆ ಕಪ್ ತಂದವರು. ಕಮಿಷನರ್ ಸಾಹೇಬರು ಅವರ ಕೈ ಕುಲುಕುತ್ತಿರುವ ಫೋಟೋ ಇವತ್ತಿಗೂ ಕ್ಲಬ್ಬಿನ ಗೋಡೆಯ ಮೇಲಿದೆ. ಅದಕ್ಕೆ ಹಬ್ಬ ಹುಣ್ಣಿಮೆಗೆ ಹೂವಿನ ಹಾರ ಬೇರೆ. (ಬದುಕಿರುವವರ ಫೋಟೋಗೆ ಹಾರ ಹಾಕಬಾರದು ಎಂದು ನಮ್ಮಕ್ಕ ಒಮ್ಮೆ ಹೇಳಿ ನೋಡಿದಳು. ಯಾರೂ ಕೇಳಲಿಲ್ಲ.) ಅವರು ಆಟ ಬಿಟ್ಟು ಮಗಳ ಮನೆ ಸೇರಿ, ಚೆಟ್ಟಳ್ಳಿಯಲ್ಲಿ ನೆಲೆಸಿ ಎಷ್ಟೋ ವರ್ಷವಾಯಿತು. ಈಗ ಅವರಿಗೆ ಊರಿನಲ್ಲಿ ಸನ್ಮಾನ.

ಆದರೆ ದೇವರಿಗೆ ಮೈಲಿಗಲ್ಲಿನ ಅಂಕಿ ಕಾಣಿಸುತ್ತಿರಲಿಲ್ಲ.

"ಇದು ಎಷ್ಟನೇ ಮೈಲಿ?" ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಮೂರನೇ ಸಲ ನಾನು ಅವರ ಮುಖ ನೋಡಿದೆ. ನಾನು ಗಮನಿಸಿದ್ದು ಅವರಿಗೆ ಗೊತ್ತಾಯಿತು.

"ಬಲಗಣ್ಣು ಹೋಯ್ತು. ಎಡದ್ದೂ ಅದರ ಹಿಂದೆಯೇ ಹೊರಟುಂಟು. ಆಸ್ಪತ್ರೆ ಡಾಕ್ಟ್ರು ಆಗುದಿಲ್ಲ ಅಂತ ಹೇಳಿಬಿಟ್ರು. ಬಿಸಿಲಿದ್ರೆ ಕಾಣ್ತದೆ, ಮಬ್ಬಾದ್ರೆ ಇಲ್ಲ."

ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು.

"ಸನ್ಮಾನಕ್ಕೆ ಬರ್ತಿದ್ದೇನೆ ಅಂತ ತಿಳ್ಕೊಂಡ್ಯಾ? ಆ ಶಾಲು ಯಾರಿಗೆ ಬೇಕು ಮಾರಾಯ! ಮ್ಯಾಚ್ ಉಂಟು ಅಂತ ನಿನ್ನ ಭಾವ ಹೇಳಿ ಕಳ್ಸಿದ್ದ. ನಮ್ಮ ಮೈದಾನದಲ್ಲಿ ಒಂದು ಆಟ. ಈ ಕಣ್ಣೂ ಹೋಗುದರ ಒಳಗೆ ಅದೊಂದು ನೋಡ್ಬೇಕು. ಅದಕ್ಕೇ ಬಂದದ್ದು."

ಅವರಿಗೆ ಬೇಕಾದದ್ದು ಅಷ್ಟೇ. ಒಂದು ಆಟ.

ಆ ಮೈದಾನದ ಮೇಲೆ ಅವರಿಗೆ ಯಾಕೆ ಅಷ್ಟು ಆಸೆ ಎಂದು ನನಗೆ ಗೊತ್ತು. ಗುಡ್ಡದ ಇಳಿಜಾರನ್ನು ಊರಿನವರೇ ಹಾರೆ ಗುದ್ದಲಿ ಹಿಡಿದು ಕಡಿದು ಮಟ್ಟಮಾಡಿದ ಜಾಗ ಅದು. ನಮ್ಮ ಕಡೆ ಅಷ್ಟು ಅಗಲ ಸಮನೆಲ ಎಲ್ಲಿ ಸಿಗುತ್ತದೆ ಹೇಳಿ? ಗದ್ದೆಯ ಕೆಲಸ ಮುಗಿದರೆ ಸಾಕು, ಸಂಜೆ ಆಗುತ್ತಲೇ ಊರೆಲ್ಲ ಅಲ್ಲಿಗೆ ಇಳಿಯುತ್ತಿತ್ತು. ಶಾಲೆಯ ಮೇಷ್ಟ್ರು, ಎಸ್ಟೇಟಿನ ರೈಟರ್, ಕೂಲಿ ಲೈನಿನಿಂದ ಬಂದ ತಮಿಳು ಹುಡುಗರು, ಜಿನಸಿ ಅಂಗಡಿಯ ಮಾಪಿಳ್ಳೆ ಅಣ್ಣತಮ್ಮಂದಿರು. ಸ್ಟಿಕ್ ಇಲ್ಲದವರು ಬೇಲಿಯಲ್ಲಿ ಬಗ್ಗಿದ ಕೊಂಬೆ ಕಡಿದುಕೊಂಡು ಬರುತ್ತಿದ್ದರು. ಚೆಂಡು ಬಿದಿರಿನ ಬುಡದ್ದು. ಬಂದವರನ್ನು ಎರಡು ಪಾಲು ಮಾಡುವುದು, ಆಡುವುದು. ಒಂದು ಕಡೆಗೆ ಹದಿನೈದು ಜನ ಇದ್ದರೂ ಯಾರೂ ಲೆಕ್ಕ ಕೇಳುತ್ತಿರಲಿಲ್ಲ.

ಆ ಚೆಂಡು ಸ್ಟಿಕ್ಕಿಗೆ ತಾಗುವ ಸದ್ದು ನಮ್ಮ ಮನೆಯ ಜಗಲಿಗೆ ಕೇಳುತ್ತಿತ್ತು. ಟಕ್. ಆಮೇಲೆ ಯಾರದೋ ಕೂಗು. ಮತ್ತೆ ಟಕ್. ಈಗ ಮಡಿಕೇರಿಯ ಬಾಡಿಗೆ ಮನೆಯಲ್ಲಿ ಕುಳಿತು ಬರೆಯುವಾಗಲೂ ಸಂಜೆ ಐದಕ್ಕೆ ನನ್ನ ಕಿವಿ ಆ ಸದ್ದಿಗೆ ಕಾಯುತ್ತದೆ. ಏನು ಮಾಡಲಿ? ಆ ಸಂಜೆಗಳು ನನಗೆ ಬೇಕು. ಇವತ್ತಿಗೂ ಬೇಕು.

ಮಾದಪ್ಪಣ್ಣ ಬೆಳೆದದ್ದು ಆ ಗದ್ದಲದಲ್ಲಿ. ಮೂವತ್ತು ಜನರ ಕಾಲಿನ ನಡುವೆ ಚೆಂಡು ತಪ್ಪಿಸಿಕೊಂಡು ಓಡುವುದನ್ನು ಕಲಿತವರಿಗೆ ಹನ್ನೊಂದು ದೊರೆಗಳು ಯಾವ ಲೆಕ್ಕ?

ಆಮೇಲೆ ಕಾಫಿಗೆ ಒಳ್ಳೆಯ ಬೆಲೆ ಬಂತು.

ಕಾಫಿ ಬೆಳೆದವರಿಗೆ ಗೊತ್ತು, ಹಣ್ಣು ಕೊಯ್ದರೆ ಮುಗಿಯಲಿಲ್ಲ, ಅದನ್ನು ಒಣಗಿಸಬೇಕು. ಒಣಗಿಸಲು ಬಿಸಿಲು ಬೀಳುವ ಸಮನೆಲ ಬೇಕು. ಒಂದು ವರ್ಷ ಯಾರೋ ಒಬ್ಬರು "ನಮ್ಮ ಕಣದಲ್ಲಿ ಜಾಗ ಸಾಲುದಿಲ್ಲ, ಒಂದು ವಾರ ಮಾತ್ರ" ಎಂದು ಮೈದಾನದ ಮೂಲೆಯಲ್ಲಿ ಹಣ್ಣು ಹರಡಿದರು. ಬೇಡ ಅನ್ನುವವರು ಯಾರು? ಕೇಳಿದವರು ದೊಡ್ಡಪ್ಪ, ಇಲ್ಲದಿದ್ದರೆ ಮಾವ. ಮುಂದಿನ ವರ್ಷ ಇನ್ನೊಬ್ಬರು. ಅದರ ಮುಂದಿನ ವರ್ಷ ಕ್ಲಬ್ಬಿನ ಕಮಿಟಿಯವರೆಲ್ಲ. ಈಗ ಕೊಯ್ಲು ಸುರುವಾದ ಮೇಲೆ ಮಳೆ ಬರುವವರೆಗೆ ಮೈದಾನ ಕಾಫಿಯದ್ದು. ಮಳೆ ಹಿಡಿದ ಮೇಲೆ ಕೆಸರಿನದ್ದು. ಹಾಕಿ ಆಡುವುದು ಯಾವಾಗ? ಕನಸಿನಲ್ಲಿ!

ಲೈನಿನ ಹುಡುಗರು ಒಂದೆರಡು ಸಂಜೆ ಸ್ಟಿಕ್ ಹಿಡಿದು ಬಂದು, ಕಾಫಿ ತುಳಿದದ್ದಕ್ಕೆ ಬೈಸಿಕೊಂಡು ಹೋದರು. ಮತ್ತೆ ಬರಲಿಲ್ಲ. ಅಂಗಡಿಯವರು ಆಟಕ್ಕೆಂದು ಬಾಗಿಲು ಬೇಗ ಹಾಕುವುದನ್ನು ಬಿಟ್ಟರು. ಟೀಮು ಸೋಲಲು ಸುರುಮಾಡಿತು. ಮೊದಲು ಮಡಿಕೇರಿಯವರ ಕೈಲಿ, ಆಮೇಲೆ ಕಂಡಕಂಡವರ ಕೈಲಿ.

ಯಾಕೆ ಸೋತೆವು ಎಂದು ಊರಿನಲ್ಲಿ ಯಾರನ್ನಾದರೂ ಕೇಳಿ. ಒಂದೇ ಉತ್ತರ. "ಮಾದಪ್ಪ ಬಿಟ್ಟ ಮೇಲೆ ಕ್ಲಬ್ ಮುಗೀತು." ಹಾಗಾದರೆ ಮುಂದೇನು? "ಮತ್ತೊಬ್ಬ ಮಾದಪ್ಪ ಹುಟ್ಟಬೇಕು."

ನೋಡಿ ಎಷ್ಟು ಸಲೀಸಾದ ಮಾತು! ಇದರಿಂದ ಯಾವ ಮಾವನಿಗೂ ಬೇಸರವಿಲ್ಲ. ಯಾರ ಕಾಫಿಯನ್ನೂ ಎತ್ತಬೇಕಾಗಿಲ್ಲ. ಹುಟ್ಟಿಸುವ ಕೆಲಸ ಇಗ್ಗುತಪ್ಪ ದೇವರಿಗೆ ಬಿಟ್ಟು ನಾವು ಹಾರ ಕಟ್ಟುತ್ತಾ ಕುಳಿತರಾಯಿತು. (ಈ ಮಾತನ್ನು ಅತಿ ಹೆಚ್ಚು ಸಲ ಹೇಳುವವರು ಕ್ಲಬ್ಬಿನ ಸೆಕ್ರೆಟರಿ ಪೊನ್ನಪ್ಪ. ನನ್ನ ಅಕ್ಕನ ಗಂಡ. ಈ ಪತ್ರಿಕೆ ಅವರ ಮನೆಗೂ ಹೋಗುತ್ತದೆ. ಈ ವಾರ ಟಪಾಲಿನಲ್ಲಿ ಕಳೆದುಹೋದರೆ ನನ್ನ ಪುಣ್ಯ.)

ಬಸ್ಸಿಳಿದು ನಡೆದು ನಾವು ಮೈದಾನ ಮುಟ್ಟಿದಾಗ ಮಧ್ಯಾಹ್ನ ಮೂರು. ಒಳ್ಳೆಯ ಬಿಸಿಲು. ಅರ್ಧ ಮೈದಾನ ಖಾಲಿ ಮಾಡಿದ್ದರು. ಉಳಿದ ಅರ್ಧದಲ್ಲಿ ಕಾಫಿಯನ್ನು ರಾಶಿ ಮಾಡಿ ಮೇಲೆ ಗೋಣಿ ಹೊದಿಸಿದ್ದರು. ಖಾಲಿ ಮಾಡಿದ ಅರ್ಧದಲ್ಲಿ ಚಪ್ಪರ. ಸುಂಟಿಕೊಪ್ಪದಿಂದ ಬಂದ ಟೀಮು ಅದರ ಪಕ್ಕದಲ್ಲಿ ಸ್ಟಿಕ್ ಹಿಡಿದು ನಿಂತಿತ್ತು.

ಭಾವ ಓಡಿಬಂದು ಮಾದಪ್ಪಣ್ಣನ ಕಾಲು ಮುಟ್ಟಿದರು. ಊರಿಗೂರೇ ಸಾಲುನಿಂತು ಮುಟ್ಟಿತು.

"ಮೊದಲು ಆಟ ಆಗಲಿ ಪೊನ್ನಪ್ಪ. ಬೆಳಕು ಉಂಟಲ್ಲ ಈಗ," ಎಂದರು ಮಾದಪ್ಪಣ್ಣ.

"ಅಯ್ಯೋ, ಹಾಗೆ ಮಾಡಿದ್ರೆ ಆಗ್ತದಾ ಅಣ್ಣ? ಮೊದಲು ನಿಮ್ಮ ಸನ್ಮಾನ. ಆಟ ಎಲ್ಲಿ ಓಡಿಹೋಗ್ತದೆ?"

ಪ್ರೆಸಿಡೆಂಟರು ಎದ್ದರು. ಪಿಂಚಣಿ ಪಡೆದ ಸುಬೇದಾರರು, ಮಾತಿಗೆ ಆತುರವಿಲ್ಲದವರು. ದೊರೆಗಳನ್ನು ಸೋಲಿಸಿದ ಕಥೆಯನ್ನು ಬುಡದಿಂದ ಹೇಳಿದರು. ಅವರ ಲೆಕ್ಕದಲ್ಲಿ ಆ ದಿನ ಮಾದಪ್ಪಣ್ಣ ಹೊಡೆದದ್ದು ಮೂರು ಗೋಲ್. ಅವರ ನಂತರ ಎದ್ದವರೂ ಅದೇ ಕಥೆ ಹೇಳಿದರು. ಗೋಲ್ ನಾಲ್ಕಾಯಿತು. ಕೊನೆಯವರು ಎದ್ದಾಗ ಐದು. (ಮಾದಪ್ಪಣ್ಣ ಬಸ್ಸಿನಲ್ಲಿ ನನಗೆ ಹೇಳಿದ್ದು ಎರಡು. ಎರಡಕ್ಕೂ ಎಡಗಡೆಯವ ಚೆಂಡನ್ನು ಸ್ಟಿಕ್ಕಿನ ತುದಿಗೆ ತಂದು ಇಟ್ಟಿದ್ದನಂತೆ. ಅವನ ಹೆಸರು ಆ ಚಪ್ಪರದಲ್ಲಿ ಯಾರ ಬಾಯಲ್ಲೂ ಬರಲಿಲ್ಲ.)

ಬಿಸಿಲು ಚಪ್ಪರದ ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯಿತು. ಶಾಲು ಹೊದಿಸಿಕೊಂಡ ಮಾದಪ್ಪಣ್ಣ ಕುರ್ಚಿಯ ತುದಿಯಲ್ಲಿ ಕುಳಿತು ಸುಂಟಿಕೊಪ್ಪದವರು ನಿಂತ ಕಡೆಗೆ ಎಡಗಣ್ಣು ತಿರುಗಿಸಿದ್ದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಭಾವನ ಹತ್ತಿರ ಹೋಗಿ, "ಭಾವ, ಅವರಿಗೆ ಕಣ್ಣು ಕಾಣಿಸುದಿಲ್ಲ. ಮಬ್ಬಾದ್ರೆ ಆಟ ನೋಡ್ಲಿಕ್ಕಾಗುದಿಲ್ಲ," ಎಂದೆ.

"ಅವರಿಗೆ ಆಟ ನೋಡಿ ಆಗಬೇಕಾದ್ದು ಏನುಂಟು? ಅವರು ಆಡದ ಆಟವಾ?" ಎಂದರು ಭಾವ. ನಿಜವಾಗಿಯೂ ಪ್ರೀತಿಯಿಂದಲೇ ಹೇಳಿದರು. ಅದೇ ನೋಡಿ ಕಷ್ಟ.

ಕೊನೆಗೆ ಮಾದಪ್ಪಣ್ಣನನ್ನು ಮಾತಾಡಲು ಕರೆದರು. ಎದ್ದು ನಿಂತು ಒಂದೇ ಮಾತು ಹೇಳಿದರು.

"ನನ್ನ ಮಾತು ಬೇಡ. ಆಟ ಸುರು ಮಾಡಿ."

ಚಪ್ಪಾಳೆಯೋ ಚಪ್ಪಾಳೆ! ಪ್ರೆಸಿಡೆಂಟರು ಮತ್ತೆ ಎದ್ದು ನಿಂತು, ಇಂಥ ವಿನಯವನ್ನು ಇಂದಿನ ಯುವಕರು ಕಲಿಯಬೇಕು ಎಂದು ವಿವರವಾಗಿ ತಿಳಿಸಿದರು.

ಮಾದಪ್ಪಣ್ಣ ಕುಳಿತುಕೊಳ್ಳಲಿಲ್ಲ. ಪ್ರೆಸಿಡೆಂಟರು ಮುಗಿಸುವವರೆಗೆ ಕಾದು, ಗೋಣಿ ಹೊದಿಸಿದ ರಾಶಿಗಳ ಕಡೆಗೆ ಕೈ ತೋರಿಸಿದರು.

"ಈ ಕಾಫಿ ಯಾಕೆ ಇಲ್ಲಿ? ಇದನ್ನು ತೆಗೀರಿ. ಆಡುವವರು ತಾವೇ ಬರ್ತಾರೆ."

ಒಂದು ಗಳಿಗೆ ಎಲ್ಲರೂ ನೆಲ ನೋಡಿದರು. ಕೊನೆಗೂ ಯಾರಾದರೂ ಬಾಯಿಬಿಡುತ್ತಾರೆ ಅಂದುಕೊಂಡೆ. ಬಾಯಿಬಿಟ್ಟವರು ನಮ್ಮ ಭಾವ.

"ನೋಡಿದ್ರಾ? ಈ ವಯಸ್ಸಿನಲ್ಲೂ ನಮ್ಮ ಅಣ್ಣನಿಗೆ ಮೈದಾನದ ಮೇಲೆ ಎಂಥ ಪ್ರೀತಿ!"

ಮತ್ತೆ ಚಪ್ಪಾಳೆ. ಮೊದಲಿನದಕ್ಕಿಂತ ಜೋರು.

ದೇವರ ಮಾತು ಯಾರಿಗೆ ಬೇಕು ಹೇಳಿ? ಅವನು ಹಾರ ಹಾಕಿಸಿಕೊಂಡು ಸುಮ್ಮನಿದ್ದರೆ ಸಾಕು. ಮನುಷ್ಯನಾಗಿದ್ದರೆ ಆ ಮಾತಿಗೆ ಜಗಳವಾದರೂ ಆಡುತ್ತಿದ್ದೆವು. ಜಗಳದ ಕೊನೆಗೆ ಒಂದು ರಾಶಿಯಾದರೂ ಕದಲುತ್ತಿತ್ತು.

ಆಮೇಲೆ ಫೋಟೋ. ಆಟ ಸುರುವಾಗುವಾಗ ಎರಡು ಟೀಮಿನ ಸೆಂಟರ್ ಫಾರ್ವರ್ಡುಗಳು ಸ್ಟಿಕ್ಕಿಗೆ ಸ್ಟಿಕ್ ತಾಗಿಸಿ ಬುಲ್ಲಿ ಮಾಡುತ್ತಾರಲ್ಲ, ಅದನ್ನು ಮಾದಪ್ಪಣ್ಣನ ಕೈಲಿ ಮಾಡಿಸಿದರು. ಫೋಟೋದವನು ಕಪ್ಪು ಬಟ್ಟೆಯೊಳಗಿಂದ ತಲೆ ಎತ್ತಿ ಎತ್ತಿ ಎಲ್ಲರನ್ನೂ ಎಡಕ್ಕೆ ಬಲಕ್ಕೆ ಸರಿಸಿದ. ಅದು ಮುಗಿದು ಚಪ್ಪರ ಬಿಚ್ಚಿ, ಟೀಮುಗಳು ನಿಂತು, ಪೀಪಿ ಊದುವ ಹೊತ್ತಿಗೆ ಬಿಸಿಲು ಗುಡ್ಡದ ಆಚೆ ಇಳಿದಿತ್ತು.

ಮಾದಪ್ಪಣ್ಣ ಗೆರೆಯ ಹತ್ತಿರ ನನ್ನ ತೋಳು ಹಿಡಿದು ನಿಂತರು. ಕೊರಳಲ್ಲಿ ಇನ್ನೂ ಹಾರ.

"ಚೆಂಡು ಎಲ್ಲುಂಟು?"

"ನಮ್ಮವರ ಹತ್ತಿರ. ಬಲಗಡೆ."

"ಈಗ?"

"ಅವರ ಹತ್ತಿರ."

ನನ್ನ ತೋಳಿನ ಮೇಲೆ ಅವರ ಬೆರಳು ಬಿಗಿಯಾದವು. ಚೆಂಡು ಸ್ಟಿಕ್ಕಿಗೆ ತಾಗಿದಾಗಲೆಲ್ಲ ಕಿವಿ ಆ ಕಡೆಗೆ ತಿರುಗುತ್ತಿತ್ತು. ಒಂದು ಸಲ ನಕ್ಕರು. "ಅದು ಒಳ್ಳೆ ಏಟು," ಎಂದರು. ಹೌದು, ಒಳ್ಳೆಯ ಏಟೇ. ಸುಂಟಿಕೊಪ್ಪದವರು ಹೊಡೆದದ್ದು. ಚೆಂಡು ನಮ್ಮವರನ್ನೆಲ್ಲ ದಾಟಿ, ಗೆರೆ ದಾಟಿ, ಗೋಣಿಯ ಅಡಿಗೆ ಕಾಫಿ ರಾಶಿಯೊಳಗೆ ನುಗ್ಗಿತು. ಇಬ್ಬರು ಹುಡುಗರು ಅದರ ಹಿಂದೆ ಓಡಿದರು.

"ತುಳೀಬೇಡಿ! ಕಾಫಿ ತುಳೀಬೇಡಿ!"

ಯಾರ ದನಿ ಎಂದು ಬರೆಯುವುದಿಲ್ಲ. ಅಕ್ಕ ಬೇಸರ ಮಾಡಿಕೊಳ್ಳುತ್ತಾಳೆ. ಹುಡುಗರು ನಿಂತಲ್ಲೇ ನಿಂತರು. ಯಾರೋ ಹೋಗಿ ರಾಶಿಯಲ್ಲಿ ಕೈಯಾಡಿಸಿ ಹುಡುಕಿದರು. ಚೆಂಡು ಸಿಕ್ಕಾಗ ಅದರ ಬಣ್ಣ ಕಾಣುವಷ್ಟೂ ಬೆಳಕಿರಲಿಲ್ಲ. ಸುಂಟಿಕೊಪ್ಪದ ಕ್ಯಾಪ್ಟನ್ ಕೈಮುಗಿದು, "ಇನ್ನೊಮ್ಮೆ ಬರ್ತೇವೆ," ಎಂದ.

"ಯಾಕೆ ನಿಂತಿತು?" ಎಂದರು ಮಾದಪ್ಪಣ್ಣ.

ಹೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಹಾರ ತೆಗೆದು ನನ್ನ ಕೈಗೆ ಕೊಟ್ಟರು. ಸ್ವಲ್ಪ ಹೊತ್ತು ಖಾಲಿ ಮೈದಾನದ ಕಡೆಗೆ ಮುಖ ಮಾಡಿ ನಿಂತೇ ಇದ್ದರು. ಅಲ್ಲಿ ಅವರಿಗೆ ಏನು ಕಾಣುತ್ತಿತ್ತೋ ಗೊತ್ತಿಲ್ಲ.

"ನೀನು ಪೇಪರಿಗೆ ಬರೀತೀಯಲ್ಲ," ಎಂದರು ಕೊನೆಗೆ. "ನನ್ನ ಬಗ್ಗೆ ಬರೀಬೇಡ. ಸಾಕಾಯ್ತು. ಮೈದಾನದ ಬಗ್ಗೆ ಬರಿ."

ಬರೆದಿದ್ದೇನೆ ಮಾದಪ್ಪಣ್ಣ. ನಿಮ್ಮ ಮಗಳು ಓದಿ ಹೇಳಲಿ.

ಊರಿನ ದೊಡ್ಡಪ್ಪಂದಿರೇ, ಮಾವಂದಿರೇ, ಭಾವಂದಿರೇ, ಆ ಎಡಗಣ್ಣಿನಲ್ಲಿ ಈ ಬೇಸಿಗೆ ಕಳೆಯುವಷ್ಟು ಬೆಳಕು ಇನ್ನೂ ಉಳಿದಿದೆ. ಮೈದಾನದಿಂದ ಮೊದಲು ಎತ್ತುವ ರಾಶಿ ಯಾರದ್ದು?