ಬಾಯಲ್ಲಿ ಓಡಿದ ಬೈಕು

ಮೊನ್ನೆ ಬೆಳಗ್ಗೆ ಹಾಲು ತರುತ್ತಿದ್ದವನು ದೊಡ್ಡಬಳ್ಳಾಪುರದ ನಮ್ಮ ಬೀದಿಯ ತಿರುವಿನಲ್ಲಿ ನಿಂತುಬಿಟ್ಟೆ. ಯಾರೋ ಹುಡುಗ ಹಳೆಯ ಟೂ-ಸ್ಟ್ರೋಕ್ ಬೈಕಿನಲ್ಲಿ ಭರ್ರನೆ ಹೋದ. ತಿರುಗಿ ನೋಡುವಷ್ಟರಲ್ಲಿ ಹುಡುಗನೂ ಇಲ್ಲ, ಬೈಕೂ ಇಲ್ಲ. ನೀಲಿ ಹೊಗೆ ಮಾತ್ರ ಬೀದಿಯಲ್ಲಿ ತೇಲುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ಆ ವಾಸನೆ ನಿಮಗೆ ಗೊತ್ತಿರಬೇಕು. ಮರ್ಯಾದಸ್ಥರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮೂಗು ಅರಳಿಸಿ ನಿಂತಿದ್ದೆ. ಎದುರುಮನೆ ನಾಗರತ್ನಮ್ಮ ಬಾಗಿಲಿಗೆ ನೀರು ಹಾಕುತ್ತಾ, “ಏನಪ್ಪಾ, ಬೆಳಬೆಳಗ್ಗೇನೇ ಹೊಗೆ ಕುಡೀತಾ ನಿಂತ್ಬಿಟ್ಟೆ?” ಅಂದರು. ನಾನು ಅವರ ಹಾಗೇ ಸೊಂಟಕ್ಕೆ ಕೈಕೊಟ್ಟು, ಅವರದೇ ದನಿಯಲ್ಲಿ, ಅವರದೇ ರಾಗದಲ್ಲಿ ಅದನ್ನೇ ವಾಪಸ್ ಹೇಳಿದೆ. ಅವರು ಚೊಂಬು ನನ್ನ ಕಡೆ ತಿರುಗಿಸಿದರು. ನಾನು ಓಡಿದೆ. ನಮ್ಮಿಬ್ಬರ ನಡುವೆ ಇದು ಬಹಳ ಹಳೆಯ ಒಪ್ಪಂದ.

ನನ್ನ ಗುಣ ಇಷ್ಟರಲ್ಲೇ ನಿಮಗೆ ತಿಳಿದಿರಬೇಕು. ಕಂಡವರ ದನಿ ಕದಿಯುವುದು ನನ್ನ ಚಟ. ಸೆಕೆಂಡ್ ಪಿಯುಸಿಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದರೂ, ಇಂಗ್ಲಿಷ್ ಮೇಷ್ಟರು ಸೀನುವುದನ್ನು ಅವರಿಗಿಂತ ಚೆನ್ನಾಗಿ ಸೀನುತ್ತಿದ್ದೆ. ಅದಕ್ಕೆ ಅಂಕ ಕೊಡುವ ಪದ್ಧತಿ ಇರಲಿಲ್ಲ.

ಹೊಗೆ ನನ್ನನ್ನು ಎಂಟು ವರ್ಷ ಹಿಂದಕ್ಕೆ, ಸೀನಿ ಚಿಕ್ಕಪ್ಪನ ಬಳಿಗೆ ಕರೆದುಕೊಂಡು ಹೋಯಿತು. ಆದರೆ ಅವನಿಗಿಂತ ಮೊದಲು ನಮ್ಮ ಬೀದಿಯ ಬಗ್ಗೆ ಹೇಳಬೇಕು. ಮನೆಮನೆಯಲ್ಲೂ ಕರೆಂಟಿನ ಮಗ್ಗಗಳು. ನಮ್ಮ ನಡುಮನೆಯಲ್ಲೇ ನಾಲ್ಕು. ಅವು ಓಡುವಾಗ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳದು. ಹಾಗಾಗಿ ನಮ್ಮಲ್ಲಿ ಮಾತಿಗೆ ದನಿ ಬೇಕಿಲ್ಲ. ತುಟಿ ಆಡಿಸಿದರೆ ಸಾಕು, ಎದುರಿದ್ದವರು ಓದಿಕೊಳ್ಳುತ್ತಾರೆ. ಜಗಳವೂ ಹಾಗೆಯೇ. ಚಿಕ್ಕಮ್ಮ ಮಗ್ಗದ ಆಚೆ ನಿಂತು ತುಟಿಯಲ್ಲೇ ಬೈದರೆ, ಈಚೆ ನಿಂತ ಚಿಕ್ಕಪ್ಪ ತುಟಿಯಲ್ಲೇ ಕ್ಷಮೆ ಕೇಳುತ್ತಿದ್ದ. ಹೊಸ ನೆಂಟರು ಬಂದರೆ ಮೂಗರ ಮನೆಗೆ ಬಂದೆವೇನೋ ಎಂದು ಗಾಬರಿಯಾಗುತ್ತಿದ್ದರು.

ಚಿಕ್ಕಪ್ಪ ಮಗ್ಗದ ಮೇಸ್ತ್ರಿ. ಎಲ್ಲರ ಮನೆಯ ಮಗ್ಗಗಳ ಕಾಯಿಲೆಗೂ ಅವನೇ ಡಾಕ್ಟರು. ಬೀದಿಯಲ್ಲಿ ನಡೆದು ಹೋಗುತ್ತಲೇ, “ಮೂರನೇ ಮನೇಲಿ ಲಾಳಿ ಬಡೀತಾ ಐತೆ, ಹೇಳ್ಬಿಟ್ ಬಾ ಹೋಗ್ಲಾ” ಎನ್ನುತ್ತಿದ್ದ. ಅಂಥ ಕಿವಿ. ಮದುವೆಗೆ ಮುಂಚೆ ಅವನಿಗೆ ಇನ್ನೊಂದು ಹುಚ್ಚಿತ್ತಂತೆ: ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಗೆಳೆಯರೊಂದಿಗೆ ಬೈಕ್ ರೇಸು. ಅದಕ್ಕೆಂದೇ ಒಂದು ಟೂ-ಸ್ಟ್ರೋಕ್ ಗಾಡಿಯ ಮಡ್‌ಗಾರ್ಡ್ ಎತ್ತರಿಸಿ, ಸೈಲೆನ್ಸರ್ ಮೇಲಕ್ಕೆ ಕಟ್ಟಿ, ಗಂಟುಗಂಟಾದ ಟೈರು ಹಾಕಿಸಿದ್ದ. ಮದುವೆಯಾದ ಮೇಲೆ ಅದು ಹಿತ್ತಲಿನ ಬಚ್ಚಲಮನೆ ಗೋಡೆಗೆ ಒರಗಿತು. ನಾನು ನೋಡುವ ಹೊತ್ತಿಗೆ ಅದರ ಸೀಟಿನಲ್ಲಿ ಕೋಳಿ ಕಾವು ಕೂರುತ್ತಿತ್ತು.

ತೊಂಬತ್ತರ ಆಸುಪಾಸಿನ ಒಂದು ಬೇಸಿಗೆಯಲ್ಲಿ ಚಿಕ್ಕಪ್ಪ ಇದ್ದಕ್ಕಿದ್ದಂತೆ ಕೋಳಿ ಓಡಿಸಿ ಗಾಡಿ ಬಿಚ್ಚಲು ಕೂತ. ಅಪ್ಪ, “ಲೇ ಸೀನಾ, ಈ ವಯಸ್ನಾಗೆ ಯಾಕ್ಲಾ ನಿಂಗೆ?” ಎಂದರೂ ಗಾಡಿಯಿಂದ ತಲೆಯೆತ್ತಲಿಲ್ಲ. ಡುಮ್ಕಿ ವಿದ್ವಾಂಸನಾದ ನನಗೆ ಬೇರೆ ಕೆಲಸವಿರಲಿಲ್ಲ, ಜೊತೆಗೆ ಕೂತೆ.

ಆ ಗಾಡಿಗೆ ನಮ್ಮ ಮನೆಯೆಲ್ಲ ದುಡಿಯಿತು. ಟ್ಯಾಂಕಿನೊಳಗಿನ ತುಕ್ಕಿಗೆ ಚಿಕ್ಕಮ್ಮ ಹಿತ್ತಾಳೆ ಬಿಂದಿಗೆಯ ಮದ್ದನ್ನೇ ಮಾಡಿದಳು. ಹುಣಸೆನೀರು, ಒಂದು ಹಿಡಿ ಜಲ್ಲಿ ಹಾಕಿ ಬಾಯಿ ಬಿಗಿದು, ನಾಗರತ್ನಮ್ಮನ ಜೊತೆ ಚಾಪೆಯ ಮೇಲೆ ಆಚೆಗೀಚೆಗೆ ಉರುಳಿಸಿದಳು. ಶಿವಾಜಿನಗರದ ಗುಜರಿಯಲ್ಲಿ ಎರಡು ಭಾನುವಾರ ಅಲೆದು ಕಾರ್ಬೊರೇಟರ್ ತಂದೆವು. ಮಸಿ ಕಟ್ಟಿದ ಸೈಲೆನ್ಸರನ್ನು ಸುಟ್ಟೇ ಶುದ್ಧ ಮಾಡಬೇಕೆಂದು ಚಿಕ್ಕಪ್ಪ ಅದನ್ನು ಬಚ್ಚಲ ಒಲೆಗೆ ತುರುಕಿದ. ಒಳಗೆ ಅಪ್ಪ ಸ್ನಾನಕ್ಕೆ ನಿಂತಿದ್ದರು. ಕರಿ ಹೊಗೆಯ ನಡುವಿನಿಂದ ಟವೆಲ್ ಸುತ್ತಿಕೊಂಡು ಹೊರಬಂದ ಅಪ್ಪ ಕೆಮ್ಮಿದ ಕೆಮ್ಮನ್ನು ನಾನು ಇಂದಿಗೂ ಮದುವೆಮನೆಗಳಲ್ಲಿ ಕೆಮ್ಮಿ ತೋರಿಸುತ್ತೇನೆ.

ನನ್ನ ಒಂದು ಹಳೆಯ ಆಟವಿತ್ತು. ಚಿಕ್ಕಪ್ಪನ ಬೆನ್ನಹಿಂದೆ ನಿಂತು ಅಪ್ಪನ ದನಿಯಲ್ಲಿ “ಲೇ ಸೀನಾ!” ಎನ್ನುವುದು. ಅವನು ಬೀಡಿ ಎಸೆದು ಎದ್ದು ನಿಲ್ಲುವುದು. ಆಮೇಲೆ ನನ್ನನ್ನು ಅಟ್ಟಿಸಿಕೊಂಡು ಬರುವುದು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಚಿಕ್ಕಪ್ಪ ಬೀಡಿ ಸೇದುತ್ತಾ ಪಿಸ್ಟನ್ ಒರೆಸುತ್ತಿದ್ದ. ನಾನು ಹಿಂದೆ ಹೋಗಿ “ಲೇ ಸೀನಾ!” ಎಂದೆ. ಅಲುಗಲಿಲ್ಲ. ಇನ್ನೂ ಜೋರಾಗಿ ಎಂದೆ. ಬೀಡಿಯ ಬೂದಿಯೂ ಬೀಳಲಿಲ್ಲ.

ನನಗಾದ ಅವಮಾನ ಕೇಳಬೇಡಿ. ನನ್ನ ಕಸುಬು ಕೆಟ್ಟಿತು ಎಂದುಕೊಂಡೆ! ಒಂದು ವಾರ ಮಹಡಿಯಲ್ಲಿ ಕೂತು ಅಪ್ಪನ ದನಿಯನ್ನು ಅಭ್ಯಾಸ ಮಾಡಿದೆ, ಇಂಗ್ಲಿಷನ್ನು ಎಂದೂ ಅಷ್ಟು ಓದಿರಲಿಲ್ಲ. ಕೆಳಗೆ ಅಮ್ಮ ಎರಡು ಸಲ “ಬಂದೇರೀ” ಎಂದು ಓಡಿಬಂದಳು. ಕಸುಬು ಸರಿಯಾಗಿಯೇ ಇತ್ತು. ಮತ್ತೆ ಕರೆಂಟ್ ಹೋದಾಗ ಚಿಕ್ಕಪ್ಪನ ಹಿಂದೆ ನಿಂತು ಕೂಗಿದೆ. ಅವನು ತಿರುಗಲೇ ಇಲ್ಲ. ಆಗ ಅವನ ಮುಂದೆ ಹೋಗಿ ನಿಂತೆ. ನನ್ನ ಮುಖ ನೋಡಿದವನೇ ಸ್ಪ್ಯಾನರ್ ಕೆಳಗಿಟ್ಟ.

“ಗೊತ್ತಾಗೋಯ್ತಾ?” ಎಂದ.

ನಾನು ತಲೆಯಾಡಿಸಿದೆ.

“ಮಗ್ಗ ಓಡ್ತಿದ್ರೆ ಯಾರಿಗೂ ತಿಳಿಯಾಕಿಲ್ಲ. ತುಟಿ ನೋಡ್ಕಂಡು ಬಾಳ್ತಾವ್ನಿ. ಬೆಂಗ್ಳೂರ್ ಡಾಕ್ಟ್ರು ವರ್ಷದೊಳ್ಗೆ ಪೂರ್ತಿ ಹೋಗ್ತದೆ ಅಂದವ್ರೆ. ಯಾರಿಗೂ ಹೇಳ್ಬ್ಯಾಡ ಕಣೋ, ಕಿವುಡ್ ಮೇಸ್ತ್ರಿನ ಯಾರ್ಲಾ ಕರೀತಾರೆ?” ಆಮೇಲೆ ಪಿಸ್ಟನ್ ನೋಡುತ್ತಾ ಮೆಲ್ಲಗೆ, “ಅಷ್ಟ್ರೊಳ್ಗೆ ಇದುನ್ನ ಒಂದ್ಸಲ ಕೇಳ್ಬಿಡ್ಬೇಕು ಅಂತ ಆಸೆ” ಎಂದ.

ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ನಾನು ಅದನ್ನು ಯಾರಿಗೂ ಹೇಳಲಿಲ್ಲ. ಅವನ ಹಿಂದೆ ನಿಂತು ಕೂಗುವುದನ್ನೂ ಬಿಟ್ಟೆ.

ಗಾಡಿಯನ್ನೇನೋ ಜೋಡಿಸಿದೆವು, ಇಪ್ಪತ್ತನೆಯ ಕಿಕ್ಕಿಗೆ ಸ್ಟಾರ್ಟೂ ಆಯಿತು. ಆದರೆ ಹದ ತಪ್ಪಿ ಆಗಾಗ ಆರಿಹೋಗುತ್ತಿತ್ತು. ಕಾರ್ಬೊರೇಟರಿನ ಗಾಳಿಯ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು ಹದ ಹಿಡಿಯಬೇಕು. ಚಿಕ್ಕಪ್ಪ ಟ್ಯಾಂಕಿನ ಮೇಲೆ ಅಂಗೈಯಿಟ್ಟು ನೋಡಿದ. ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ ಹಿಡಿಯನ್ನು ಹಲ್ಲಲ್ಲಿ ಕಚ್ಚಿ ನೋಡಿದ. ಕೊನೆಗೆ ನನ್ನ ಕಡೆ ತಿರುಗಿ, “ಊರೋರ್ ದನಿಯೆಲ್ಲ ಮಾಡ್ತೀಯಲ್ಲ, ಇದ್ರುದ್ ಮಾಡ್ಲಾ” ಎಂದ.

ಮಾಡಿದೆ. ಎಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅದು ಕೂಗಿದಂತೆ ಕೂಗಿದೆ. ಅವನು ಒಂದು ಕೈಯನ್ನು ನನ್ನ ಎದೆಗಿಟ್ಟು, ಕಣ್ಣನ್ನು ನನ್ನ ತುಟಿಗಿಟ್ಟು, ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸಿದ. ‘ಬೊಳ್ ಬೊಳ್ ಬೊಳ್’ ಎಂದು ತುಟಿ ಕೂಡುತ್ತಿದ್ದರೆ ಪೆಟ್ರೋಲ್ ಹೆಚ್ಚು. ‘ಟಣ್ ಟಣ್ ಟಣ್’ ಎಂದು ಹಲ್ಲು ಕಂಡರೆ ಹದ. ಅರ್ಧ ಗಂಟೆ ನನ್ನ ಎಂಜಲು ಹಾರಿತು, ಅವನು ಮುಖ ಒರೆಸಿಕೊಳ್ಳಲೂ ಇಲ್ಲ. ಜೀವನದಲ್ಲಿ ಮೊದಲ ಸಲ ಯಾರನ್ನೂ ನಗಿಸಲಿಕ್ಕಲ್ಲದೆ ಅಣಕ ಮಾಡುತ್ತಿದ್ದೆ. ನಾಗರತ್ನಮ್ಮ ಗೋಡೆಯಾಚೆಯಿಂದ ಇಣುಕಿ, “ಅಯ್ಯೋ ಶಿವನೇ, ಎಂಜಿನ್ ಯಾವ್ದು ಇವ್ನ್ಯಾವ್ನು ಅಂತ ಗೊತ್ತಾಯ್ತಿಲ್ವಲ್ಲ” ಎಂದರು. ನನಗೆ ಸಿಕ್ಕ ಏಕೈಕ ಪ್ರಶಸ್ತಿ ಅದು.

ಮಾರನೆಯ ಬೆಳಗ್ಗೆ ಗಾಡಿಯನ್ನು ಕೆರೆಯಂಗಳಕ್ಕೆ ಇಳಿಸಿದೆವು. ನಾನು ಏರಿಯ ಮೇಲೆ ನಿಂತೆ. ಚಿಕ್ಕಪ್ಪ ಒಂದೇ ಕಿಕ್ಕಿಗೆ ಎಬ್ಬಿಸಿ ಹೊರಟ. ಫಸ್ಟ್, ಸೆಕೆಂಡ್, ಒಣಗಿದ ಮಣ್ಣು ಹಿಂದೆ ಎದ್ದಿತು. ಹಳ್ಳದ ದಿಬ್ಬದ ಮೇಲೆ ಗಾಡಿ ಹಾರಿದಾಗ ಚಕ್ರ ನೆಲ ಬಿಟ್ಟು ಎಂಜಿನ್ ಒಮ್ಮೆ ಕಿರುಚಿತು, ಬೆಳ್ಳಕ್ಕಿಗಳೆಲ್ಲ ಎದ್ದು ಹೋದವು. ಮೂರು ಸುತ್ತು ಹೊಡೆದು, ಕೆರೆಯ ಮಧ್ಯೆ ಗಾಡಿ ಆರಿಸಿ, ಟ್ಯಾಂಕಿನ ಮೇಲೆ ಅಂಗೈಯಿಟ್ಟು ಕೂತ.

ಓಡಿಹೋಗಿ ಅವನ ಮುಂದೆ ನಿಂತು ಕೇಳಿದೆ, “ಕೇಳುಸ್ತಾ ಚಿಕ್ಕಪ್ಪ?”

“ಮೊದ್ಲು ಏನೋ ಕೇಳ್ದಂಗಾಯ್ತು” ಎಂದ. “ಆಮೇಲೆ ಗಾಳಿನೋ ಗಾಡಿನೋ ತಿಳೀಲಿಲ್ಲ.”

ಅವನು ನನ್ನ ಕೈ ಹಿಡಿದು ಹತ್ತಿರ ಎಳೆದ. “ಏರಿ ಮ್ಯಾಲಿಂದ ಹೆಂಗಿತ್ತು? ಮಾಡು, ಶುರುವಿಂದ ಮಾಡು.” ಅಂಗೈಯನ್ನು ನನ್ನ ಎದೆಗಿಟ್ಟ.

ಕಿಕ್ಕಿನಿಂದ ಶುರುಮಾಡಿದೆ. ಫಸ್ಟ್, ಸೆಕೆಂಡ್. ದಿಬ್ಬ ಬಂದಾಗ ನನ್ನ ಪ್ರೀತಿಯೂ ಸೇರಿ ಗಾಡಿಯನ್ನು ಬಹಳ ಹೊತ್ತು ಗಾಳಿಯಲ್ಲೇ ಕಿರುಚಿಸಿದೆ.

“ಬುರುಡೆ ಬಿಡ್ಬ್ಯಾಡ್ವೋ, ಅಷ್ಟೆತ್ರ ಎಲ್ಲಿ ಹಾರ್ದೆ!” ಎಂದು ನಕ್ಕ. ಕಣ್ಣೊರೆಸಿಕೊಂಡ. “ಇನ್ನೊಂದ್ಸಲ ಮಾಡು. ಇದ್ದಂಗೇ ಮಾಡು.”

ಡಾಕ್ಟರು ಹೇಳಿದಂತೆಯೇ ಆಯಿತು. ಬೀದಿಗೂ ಗೊತ್ತಾಯಿತು. ಕೆಲವರು ಅವನನ್ನು ಕರೆಯುವುದು ಬಿಟ್ಟರು. ಉಳಿದವರ ಮನೆಗೆ ಅವನು ಈಗಲೂ ಹೋಗಿ, ಮಗ್ಗದ ಮೈಗೆ ಅಂಗೈ ಆನಿಸಿ ಕೆಲಸ ಮಾಡುತ್ತಾನೆ.

ಮೊನ್ನೆ ಹಾಲು ಹಿಡಿದು ಮನೆಗೆ ಬಂದಾಗ ಅವನು ಜಗಲಿಯ ಮೇಲೆ ಕೂತಿದ್ದ. ಹೊಗೆ ಅವನ ಮೂಗಿಗೂ ತಲುಪಿತ್ತು. “ಯಾವ್ದ್ಲಾ ಅದು ಗಾಡಿ?” ಎಂದು ಹುಬ್ಬು ಹಾರಿಸಿದ. ಕ್ಯಾನು ಕೆಳಗಿಟ್ಟು ಅವನ ಕೈಯನ್ನು ನನ್ನ ಎದೆಗಿಟ್ಟುಕೊಂಡೆ. ಇಪ್ಪತ್ತೇಳು ವರ್ಷದ ಗಂಡಸು ಜಗಲಿಯ ಮುಂದೆ ನಿಂತು ಬೈಕಿನಂತೆ ಕೂಗುತ್ತಿದ್ದರೆ ನೋಡುವವರು ನೋಡುತ್ತಾರೆ. ತಿರುವಿನಲ್ಲಿ ಕೇಳಿದ್ದನ್ನು ಕೇಳಿದಂತೆಯೇ ಕೂಗಿದೆ, ಒಂದಿಷ್ಟೂ ಸೇರಿಸಲಿಲ್ಲ.

ಚಿಕ್ಕಪ್ಪ ಕಣ್ಣು ಕಿರಿದು ಮಾಡಿ, “ಇನ್ನೊಂದ್ಸಲ” ಎಂದ. ಮತ್ತೆ ಮಾಡಿದೆ. ಅವನು ಕೈ ತೆಗೆದು ತಲೆಯಾಡಿಸಿದ.

“ಪಿಸ್ಟನ್ ಬಡೀತಾ ಐತೆ. ಇನ್ನೊಂದ್ ವಾರ ಓಡ್ಸುದ್ರೆ ಎಂಜಿನ್ನೇ ಹಿಡ್ಕಂಡು ನಿಂತೋಗ್ತದೆ. ಹೇಳ್ಬಿಟ್ ಬಾ ಹೋಗ್ಲಾ.”

ಹಾಲು ಒಳಗಿಟ್ಟು, ಆ ಹುಡುಗನನ್ನು ಹುಡುಕಿಕೊಂಡು ಹೊರಟೆ.