ದ್ಯಾವಪ್ಪನ ಹಗ್ಗದ ಏಳನೆಯ ಗಂಟು

ಇದನ್ನು ಬರೆಯಲೋ ಬೇಡವೋ ಎಂದು ಎಷ್ಟೋ ಸಲ ಹಿಂದೆಮುಂದೆ ನೋಡಿದ್ದೇನೆ. ದೆವ್ವ, ಗಾಳಿ, ಸೋಂಕು ಎಂದವರನ್ನು ಎದುರಿಗೇ ಕೂರಿಸಿಕೊಂಡು ಗೇಲಿ ಮಾಡಿದವನು ನಾನು. ಒಂಬತ್ತು ವರ್ಷ ಕಾರವಾರದ ಕಡೆ ಸಮುದ್ರದಲ್ಲಿ ಮುಳುಗುವ ಕೆಲಸ ಮಾಡಿದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ದಡದಿಂದಲೇ ನಡೆದು ನೀರಿಗಿಳಿಯುವುದು, ಮುಳುಗಿದ ಮಚವೆ ದೋಣಿಗಳನ್ನೂ ಸರಕಿನ ಬಾರ್ಜುಗಳನ್ನೂ ಹುಡುಕುವುದು, ಒಳಹೊಕ್ಕು ಏನು ಉಳಿದಿದೆಯೆಂದು ನೋಡಿ ಬಂದು ಹೇಳುವುದು, ಇಷ್ಟೇ ನನ್ನ ಕಸುಬು. ಹೆಣಗಳನ್ನೂ ಕಂಡಿದ್ದೇನೆ. ಸತ್ತವರು ಪಾಪ ಯಾರಿಗೂ ಏನೂ ಮಾಡುವುದಿಲ್ಲ, ಕಾಟವೆಲ್ಲ ಬದುಕಿದವರದ್ದೇ ಎಂದು ಹೇಳಿ ನಗುತ್ತಿದ್ದೆ. ಈಗ ಹಾಗೆ ನಗಲು ಬರುವುದಿಲ್ಲ.

ಬಲಗಿವಿ ಕೆಟ್ಟ ಮೇಲೆ ಸಮುದ್ರ ಸಾಕಾಯಿತು. ಶಿಕಾರಿಪುರಕ್ಕೆ ವಾಪಸು ಬಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟೆ. ಹಳೆಯ ಸಿಲಿಂಡರ್ ಎರಡನ್ನು ಮಾರಿಬಿಡಬೇಕಿತ್ತು, ಮಾರಲಿಲ್ಲ. ಅಂಗಡಿ ಮೂಲೆಯಲ್ಲಿ ಅವು ಕಂಡಿದ್ದೇ ತಡ, ಬಾವಿಯೊಳಗೆ ಫುಟ್‌ವಾಲ್ವ್ ಸಿಕ್ಕಿಹಾಕಿಕೊಂಡವರು, ಕೆರೆಯಲ್ಲಿ ಮೋಟಾರು ಬೀಳಿಸಿಕೊಂಡವರು ಒಬ್ಬೊಬ್ಬರೇ ಬರತೊಡಗಿದರು. ಇದೊಂದು ಸಲ, ಇದೇ ಕೊನೆ ಎನ್ನುತ್ತಾ ಇಳಿಯುತ್ತಿದ್ದೆ. ಮೇಲೆ ಬಂದರೆ ಎರಡು ದಿನ ಕಿವಿ ಗುಂಯ್‌ಗುಡುತ್ತಿತ್ತು.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಉಳವಿಯ ಮಂಜಪ್ಪ ಅಂಗಡಿಗೆ ಬಂದ. ಪಂಪಿನ ಕೆಲಸಕ್ಕೆ ಆಗಾಗ ಬರುತ್ತಿದ್ದವನೇ. ಈ ಸಲ ಜೊತೆಯಲ್ಲಿ ಅವನ ಅಕ್ಕ ಗಿರಿಜಮ್ಮ ಇದ್ದರು. ನಲವತ್ತರ ಆಸುಪಾಸಿನ ಹೆಂಗಸು. ಬೆಂಚಿನ ತುದಿಯಲ್ಲಿ ಕೂತು, ಬೇರೆ ಯಾರದ್ದೋ ಸುದ್ದಿ ಹೇಳುವವರ ಹಾಗೆ ತಮ್ಮ ಕತೆ ಹೇಳಿದರು.

ಅವರನ್ನು ಕೊಟ್ಟಿದ್ದ ಊರು ಅಂಜನಾಪುರದ ಹಿನ್ನೀರಿನ ಪಕ್ಕದಲ್ಲಿತ್ತು. ಹನ್ನೊಂದು ವರ್ಷದ ಹಿಂದೆ, ಪುಷ್ಯ ಮಾಸದ ಒಂದು ಬೆಳಿಗ್ಗೆ, ಅವರ ಗಂಡ ರುದ್ರಪ್ಪ ಆಚೆ ದಡದಲ್ಲಿ ಎತ್ತು ನೋಡಿಬರುತ್ತೇನೆಂದು ಮನೆ ಬಿಟ್ಟರು. ಅದೇ ಬೆಳಿಗ್ಗೆ ದ್ಯಾವಪ್ಪನೆಂಬ ಅಂಬಿಗನ ದೋಣಿ ನೀರೊಳಗಿನ ಮರದ ಬೊಡ್ಡೆಗೆ ಬಡಿದು ಮುಳುಗಿತು. ನಾಲ್ಕು ಜನ ಈಜಿ ದಡ ಸೇರಿದರು. ಇಬ್ಬರು ಪ್ರಯಾಣಿಕರ ಹೆಣ ಸಿಕ್ಕಿತು, ದ್ಯಾವಪ್ಪನ ಹೆಣವೂ ಸಿಕ್ಕಿತು. ರುದ್ರಪ್ಪ ಮಾತ್ರ ಸಿಗಲಿಲ್ಲ. ಅವರು ದೋಣಿ ಹತ್ತಿದ್ದರೋ ಇಲ್ಲವೋ ಎಂಬುದನ್ನೇ ಯಾರೂ ಹೇಳಲಾರದೆ ಹೋದರು. ದಟ್ಟ ಮಂಜು, ಎಲ್ಲರೂ ತಲೆತುಂಬ ಕಂಬಳಿ ಹೊದ್ದು ಕೂತಿದ್ದರಂತೆ. ಕ್ರಮೇಣ ಬೇರೆ ಮಾತು ಹುಟ್ಟಿತು. ರುದ್ರಪ್ಪನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡೆ ಎಂದ ಒಬ್ಬ. ಹೆಂಡತಿಯ ಬಾಯಿಗೆ ಹೆದರಿ ದೇಶಾಂತರ ಹೋದ ಎಂದರು ಗಂಡನ ಮನೆಯವರು. ಆವತ್ತು ಬೆಳಿಗ್ಗೆ ಜಗಳವಾಗಿದ್ದು ನಿಜ ಎಂದು ಗಿರಿಜಮ್ಮ ತಾವಾಗಿಯೇ ಒಪ್ಪಿಕೊಂಡರು. ಜಮೀನಿನ ಪಹಣಿ ಇನ್ನೂ ರುದ್ರಪ್ಪನ ಹೆಸರಲ್ಲೇ ಇತ್ತು, ಇವರ ಹಣೆಯಲ್ಲಿ ಕುಂಕುಮವೂ ಇತ್ತು. ಎರಡಕ್ಕೂ ಅರ್ಥವಿದೆಯೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ.

ಹನ್ನೊಂದು ವರ್ಷದ ಮೇಲೆ ಮೂಳೆಯೂ ಸಿಗುವುದಿಲ್ಲ, ಸುಮ್ಮನೆ ಆಸೆ ಇಟ್ಟುಕೊಳ್ಳಬೇಡಿ ಎಂದೆ.

"ಹೆಣ ಬ್ಯಾಡ ಅಣ್ಣ," ಎಂದರು ಅವರು. "ದ್ಯಾವಪ್ಪನ ಹಗ್ಗದಾಗೆ ಎಷ್ಟು ಗಂಟು ಇದಾವೆ ನೋಡ್ಕಂಡು ಬನ್ನಿ, ಸಾಕು."

ದ್ಯಾವಪ್ಪನಿಗೆ ಓದುಬರಹ ಬಾರದು. ದೋಣಿಯ ಹಿಂಬದಿಯ ಕಬ್ಬಿಣದ ಬಳೆಗೆ ಒಂದು ನೀಲಿ ನೈಲಾನ್ ಹಗ್ಗ ಕಟ್ಟಿಕೊಂಡಿದ್ದ. ಒಬ್ಬರು ಹತ್ತಿದರೆ ಒಂದು ಗಂಟು ಹಾಕುವುದು, ಅವರು ಇಳಿದಾಗ ಅವನೇ ಎಳೆದು ಬಿಚ್ಚುವುದು. ಹಗ್ಗ ಖಾಲಿಯಾಗದೆ ದೋಣಿಯನ್ನು ಹಿಂದಕ್ಕೆ ತಿರುಗಿಸುತ್ತಿರಲಿಲ್ಲ. ಹಿಂದೊಮ್ಮೆ ಮೂಟೆಗಳ ಮರೆಯಲ್ಲಿ ನಿದ್ದೆಹೋದ ಅಜ್ಜಿಯೊಬ್ಬಳು ಎರಡು ಸಲ ಆಚೆಗೂ ಈಚೆಗೂ ಹೋಗಿಬಂದು ದ್ಯಾವಪ್ಪನಿಗೆ ಚೆನ್ನಾಗಿ ಬೈದಳಂತೆ, ಆಮೇಲೆ ಶುರುಮಾಡಿದ ಪದ್ಧತಿ. ಲೆಕ್ಕ ಸಿಕ್ಕವರು ಆರು ಜನ ಪ್ರಯಾಣಿಕರು. ಹಗ್ಗದಲ್ಲಿ ಆರೇ ಗಂಟಿದ್ದರೆ ರುದ್ರಪ್ಪ ಹೆಂಡತಿಯನ್ನು ಬಿಟ್ಟು ಹೋದದ್ದೇ ನಿಜ. ಏಳಿದ್ದರೆ ಅವರು ದೋಣಿಯಲ್ಲಿದ್ದರು. ಗಿರಿಜಮ್ಮನಿಗೆ ತಿಳಿಯಬೇಕಾಗಿದ್ದದ್ದು ಇಷ್ಟೇ. ಇಳಿಯುತ್ತೇನೆ ಎಂದೆ.

ಮುಳುಗಿದ ದೋಣಿ ಹುಡುಕುವುದು ಅಂಥ ಕಷ್ಟವಲ್ಲ. ಬಲೆ ಎಲ್ಲಿ ಹರಿಯುತ್ತದೆಂದು ಮೀನು ಹಿಡಿಯುವವರನ್ನು ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಅವರು ತೋರಿಸಿದ್ದು ನೀರು ಇಳಿದಾಗಲೂ ಆಳವಾಗಿ ಉಳಿಯುವ ಹಳೇ ಹೊಳೆಯ ಪಾತ್ರ. ಹತ್ತು ಗಂಟೆಯ ಬಿಸಿಲಲ್ಲಿ ದಡದಿಂದ ಇಳಿದೆ. ಸೊಂಟದ ಹಗ್ಗದ ಇನ್ನೊಂದು ತುದಿ ಮಂಜಪ್ಪನ ಕೈಯಲ್ಲಿತ್ತು. ಎಷ್ಟು ಗಂಟು ಎಂಬುದನ್ನು ತಲೆ ಮೇಲೆ ಬಂದ ಕೂಡಲೇ ನೀರಿನಿಂದಲೇ ಬೆರಳಲ್ಲಿ ತೋರಿಸಬೇಕೆಂದು ಗಿರಿಜಮ್ಮ ಕೇಳಿಕೊಂಡಿದ್ದರು. ದಡಕ್ಕೆ ಬರುವವರೆಗೆ ಕಾಯಲಾರೆ ಎಂದಿದ್ದರು. ನಾನು ಒಪ್ಪಿದ್ದೆ. ಈಗಲೂ ಅದೇ ತಪ್ಪಾಯಿತೇನೋ ಎಂದುಕೊಳ್ಳುತ್ತೇನೆ.

ನಮ್ಮ ಕಡೆಯ ನೀರು ಸಮುದ್ರದಂತಲ್ಲ. ಎರಡಾಳು ಇಳಿದರೆ ಚಹಾದ ಬಣ್ಣ, ಅದಕ್ಕೂ ಕೆಳಗೆ ಕತ್ತಲೆ. ಟಾರ್ಚ್ ಹಾಕಿದರೆ ಕೆಸರೇ ಮುಖಕ್ಕೆ ಬರುತ್ತದೆ. ಅಲ್ಲಿ ಬೆರಳೇ ಕಣ್ಣು. ಒಂದು ಗೂಟ ನೆಟ್ಟು, ಅದಕ್ಕೆ ಹಗ್ಗ ಕಟ್ಟಿ, ಸುತ್ತು ದೊಡ್ಡದು ಮಾಡುತ್ತಾ ತಡಕಿದೆ. ನಾಲ್ಕನೇ ಸುತ್ತಿಗೆ ದೋಣಿಯ ಅಂಚು ಕೈಗೆ ಸಿಕ್ಕಿತು. ಅಂಚು ಹಿಡಿದು ಹಿಂಬದಿಗೆ ಹೋದೆ. ಬಳೆ ಇತ್ತು, ಹಗ್ಗವೂ ಇತ್ತು.

ಎಣಿಸಿದೆ. ಏಳು. ತುದಿಯಿಂದ ಬಳೆಯ ಕಡೆಗೆ ಇನ್ನೊಮ್ಮೆ ಎಣಿಸಿದೆ. ಏಳು. ಮೂರನೇ ಸಲ ಪ್ರತಿ ಗಂಟನ್ನೂ ಹಿಸುಕಿ, ನಿಲ್ಲಿಸಿ ನಿಲ್ಲಿಸಿ ಎಣಿಸಿದೆ. ಕೆಸರು ಕಟ್ಟಿ ಒಂದೊಂದೂ ಹುಣಸೆಬೀಜದಂತೆ ಗಟ್ಟಿಯಾಗಿತ್ತು. ಏಳೇ. ಬಳೆಯ ಹತ್ತಿರ ಹಗ್ಗ ಕತ್ತರಿಸಿ ಎಡಗೈ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿ, ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೇಲೆ ಹೊರಟೆ.

ನಡುದಾರಿಯಲ್ಲಿ, ನೀರು ಕಪ್ಪಿನಿಂದ ಕಂದು ಬಣ್ಣಕ್ಕೆ ತಿರುಗುವಲ್ಲಿ, ಎಡಗೈ ಮೇಲೆ ಭಾರ ಬಿತ್ತು. ಯಾರೂ ಎಳೆಯಲಿಲ್ಲ. ಬಸ್ಸಿನಿಂದ ಇಳಿಯುವವರು ಪಕ್ಕದವರ ತೋಳಿನ ಮೇಲೆ ಒಂದು ಗಳಿಗೆ ಕೈಯೂರಿ ಇಳಿಯುತ್ತಾರಲ್ಲ, ಅಷ್ಟೇ. ಮರುಗಳಿಗೆಯಲ್ಲಿ ಕೈ ಹಗುರವಾಯಿತು. ಜೊಂಡು ತಾಗಿರಬೇಕು ಎಂದುಕೊಂಡೆ. ಹೆದರಿಕೆಯೇನೂ ಆಗಲಿಲ್ಲ. ದಣಿವಾಗಿತ್ತು, ಕಿವಿ ನೋಯುತ್ತಿತ್ತು, ಬೇಗ ಮೇಲೆ ಬಂದರೆ ಸಾಕಾಗಿತ್ತು.

ತಲೆ ಎತ್ತಿದವನೇ ಒಂದು ಕೈಯ ಐದು, ಇನ್ನೊಂದರ ಎರಡು ಬೆರಳು ತೋರಿಸಿದೆ. ಗಿರಿಜಮ್ಮ ನೆಲದ ಮೇಲೆ ಕೂತುಬಿಟ್ಟರು. ಸೆರಗು ಬಾಯಿಗೆ ಒತ್ತಿ ಹಿಡಿದು ಅತ್ತರು. ಹನ್ನೊಂದು ವರ್ಷದ ಅಳು ಅದು.

ದಡದಲ್ಲಿ ಮಂಜಪ್ಪ ನನ್ನ ಕೈಯಿಂದ ಹಗ್ಗ ಬಿಡಿಸಿಕೊಂಡು ಎಣಿಸಿದ. ಮತ್ತೆ ಎಣಿಸಿದ. ಮುಖ ಸಣ್ಣದು ಮಾಡಿಕೊಂಡು ನನ್ನನ್ನು ಪಕ್ಕಕ್ಕೆ ಕರೆದ.

"ಆರೇ ಇದಾವಲ್ರೀ," ಎಂದ. "ಪಾಪ ಅಂತ ಏಳು ಅಂದ್ರಾ?"

ನಾನೂ ಎಣಿಸಿದೆ. ಆರೇ ಇದ್ದವು. ನಾಚಿಕೆಯಿಂದ ಮೈ ಹಿಡಿಯಾಯಿತು. ಒಂದು ಹೆಂಗಸಿನ ಜೀವಮಾನದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ಅಳಿಸಿದ್ದೆ. ಈಗ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ನಾನು ಬಾಯಿ ತೆರೆಯುವ ಮೊದಲೇ ಗಿರಿಜಮ್ಮ ಎದ್ದು ಬಂದು ಹಗ್ಗ ಇಸಿದುಕೊಂಡರು. ಒಂದೊಂದೇ ಗಂಟನ್ನು ಸವರುತ್ತಾ ಹೋದ ಬೆರಳು ಮೂರನೆಯದರ ಆಚೆ ನಿಂತಿತು.

ಹಗ್ಗವಿಡೀ ಕೆಸರು ಹಿಡಿದು ಕರ್ರಗಾಗಿತ್ತು. ಅಲ್ಲೊಂದು ಕಡೆ ಮಾತ್ರ, ಗಂಟಿನೊಳಗೆ ಸೇರುವಷ್ಟು ಉದ್ದಕ್ಕೆ, ಅಂಗಡಿಯಿಂದ ತಂದ ಹೊಸ ನೀಲಿ. ಗಂಟು ಬಿಚ್ಚಿದ ಹಗ್ಗದಲ್ಲಿ ಉಳಿಯುವ ಸುಕ್ಕು ಇನ್ನೂ ಮಡಿಕೆಯಾಗಿಯೇ ಇತ್ತು.

"ಇಳಿದ್ರು," ಎಂದರು ಗಿರಿಜಮ್ಮ.

ನೀರಿನ ಹೊಡೆತಕ್ಕೆ ಬಿಚ್ಚಿರಬಹುದು ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡೆ. ಅವರ ಅಪ್ಪಣೆ ಕೇಳಿ ಉಳಿದ ಆರರಲ್ಲಿ ಒಂದನ್ನು ಅಲ್ಲೇ ಕೂತು ಬಿಚ್ಚಲು ನೋಡಿದೆ. ಉಗುರು ಕಿತ್ತುಬಂತು, ಸ್ಕ್ರೂಡ್ರೈವರ್ ಮೊನೆ ಜಾರಿತು, ಹಲ್ಲೂ ಹಾಕಿದೆ. ಕಲ್ಲಾಗಿದ್ದ ಗಂಟು ಅಲುಗಾಡಲಿಲ್ಲ. ಬಿಚ್ಚಿದ ಗಂಟಿದ್ದ ಜಾಗ ನನ್ನ ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿದ್ದ ಭಾಗದಲ್ಲೇ ಇತ್ತು ಎಂಬುದನ್ನೂ ಹೇಳಬೇಕು.

ಸಿಲಿಂಡರ್‌ಗಳನ್ನು ಆ ವರ್ಷವೇ ಮಾರಿದೆ. ಹೆದರಿ ಅಲ್ಲ, ಸಾಕಾಗಿ. ಬೆರಳನ್ನು ನಂಬಿ ಬದುಕಿದವನಿಗೆ ಬೆರಳಿನ ಮೇಲೇ ಅನುಮಾನ ಬಂದ ಮೇಲೆ ಆ ಕೆಲಸ ಆಗುವುದಿಲ್ಲ.

ಮೂರು ವರ್ಷ ಕಳೆದು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜಮ್ಮ ಸಿಕ್ಕಿದರು. ಹಣೆಯಲ್ಲಿ ಕುಂಕುಮವಿರಲಿಲ್ಲ, ವಿಭೂತಿ ಮಾತ್ರ. ನನ್ನ ಕಿವಿ ಹೇಗಿದೆ ಎಂದು ವಿಚಾರಿಸಿದರು. ಉಳವಿ ಬಸ್ಸು ಬಂತು, ಜನ ನುಗ್ಗಿದರು, ಅವರು ಮಾತ್ರ ನಿಂತೇ ಇದ್ದರು.

"ಅಣ್ಣ, ಬೇಜಾರು ಮಾಡ್ಕಬ್ಯಾಡಿ. ಮಂಜ ಇವತ್ತಿಗೂ ಆರು ಅಂತಾನೆ. ಕೆಳಗೆ ಖರೇನೂ ಏಳಿತ್ತಾ?"

ಇಷ್ಟು ವರ್ಷ ಅವರೂ ಅದನ್ನೇ ಎಣಿಸುತ್ತಿದ್ದರೆಂದು ಆಗ ತಿಳಿಯಿತು. ಏಳಿತ್ತು, ಮೂರು ಸಲ ಎಣಿಸಿದೆ ಎಂದೆ. ಅವರು ತಲೆದೂಗಿ ಬಸ್ಸು ಹತ್ತಿದರು.

ನಾನು ಹೇಳಿದ್ದು ಸುಳ್ಳಲ್ಲ. ಆದರೂ ಬಸ್ಸು ಮರೆಯಾಗುವವರೆಗೆ ಅಲ್ಲೇ ನಿಂತು, ಎಡಗೈ ಬೆರಳುಗಳ ಮೇಲೆ ಮತ್ತೆ ಒಂದರಿಂದ ಎಣಿಸತೊಡಗಿದ್ದೆ.